ಕಡಲು ಒಳಗೆ ಬಂದ ಮೇಲೆ ಮತ್ತೆ ಅಲ್ಲೇ ಮನೆ ಕಟ್ಟಬೇಕಾ?



ಜೂನ್-ಜುಲೈ ಬಂತು ಅಂದ್ರೆ ನಿಮ್ಮ ಫೋನಿಗೆ ಒಂದು ವಿಡಿಯೊ ಬಂದೇ ಬರುತ್ತೆ. ಉಳ್ಳಾಲದ್ದೋ, ಸೋಮೇಶ್ವರದ್ದೋ, ಮರವಂತೆಯದ್ದೋ ಇರುತ್ತೆ. ಕೆಂಪು ಕಲ್ಲಿನ ಗೋಡೆ, ಹಂಚಿನ ಮಾಡು, ಹಿಂದೆ ಬೂದಿ ಬಣ್ಣದ ಕಡಲು. ಒಂದು ಅಲೆ ಬರುತ್ತೆ, ಮನೆಯ ಪಾಯ ಕಾಣುತ್ತೆ. ಇನ್ನೊಂದು ಬರುತ್ತೆ, ಗೋಡೆ ವಾಲುತ್ತೆ. ಮೂರನೇದಕ್ಕೆ ಮನೆ ಇರಲ್ಲ. ಮೂವತ್ತು ಸೆಕೆಂಡಿನ ವಿಡಿಯೊ. ನೀವು ಸ್ವೈಪ್ ಮಾಡ್ತೀರಿ, ಮುಂದಿನದು ಯಾವುದೋ ಅಡುಗೆ ವಿಡಿಯೊ.

ಸ್ವೈಪ್ ಮಾಡೋ ಮುಂಚೆ ಕೆಳಗಿನ ಕಾಮೆಂಟ್ ಓದಿದ್ದೀರಾ? ಅರ್ಧ ಜನ ಅಳುವ ಎಮೋಜಿ ಹಾಕಿರ್ತಾರೆ. ಇನ್ನರ್ಧ ಜನ ಕೇಳೋದು ಒಂದೇ. ಗೊತ್ತಿದ್ದೂ ಗೊತ್ತಿದ್ದೂ ಕಡಲ ಬಾಯಲ್ಲಿ ಯಾಕೆ ಮನೆ ಕಟ್ಟಿದ್ರು? ನಮ್ಮ ತೆರಿಗೆ ದುಡ್ಡಲ್ಲಿ ಮತ್ತೆ ಅಲ್ಲೇ ಯಾಕೆ ಕಟ್ಟಿಸಿಕೊಡಬೇಕು?

ಪ್ರಶ್ನೆ ಒರಟಾಗಿದೆ. ಆದರೆ ಕೇಳಬಾರದ ಪ್ರಶ್ನೆ ಏನಲ್ಲ. ಹಾಗಾಗಿ ಇವತ್ತು ಅದನ್ನೇ ಹಿಡ್ಕೊಂಡು ಕೂತಿದ್ದೀನಿ. ನಾನು ಕುಂದಾಪುರದ ಕಡೆಯವಳು, ಕಡಲ ಪಕ್ಕದವರ ಪರವಾಗಿ ಮಾತಾಡ್ತೀನಿ ಅಂತ ಮೊದಲೇ ಅಂದ್ಕೊಂಡಿದ್ರೆ ಸ್ವಲ್ಪ ತಾಳಿ. ಕೆಲವು ಕಡೆ ಮತ್ತೆ ಕಟ್ಟಲೇಬಾರದು ಅನ್ನೋದು ನನ್ನ ಅಭಿಪ್ರಾಯ. ಆದರೆ ನಾವು ಈಗ ಜನರನ್ನ ಎಬ್ಬಿಸ್ತಾ ಇರೋ ರೀತಿ ಇದೆಯಲ್ಲ, ಅದು ಮೋಸ ಅನ್ನೋದೂ ನನ್ನ ಅಭಿಪ್ರಾಯವೇ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಕಡಲಿನಿಂದ ಬರೋ ಅಪಾಯ ಎಲ್ಲಾ ಒಂದೇ ತರ ಅಲ್ಲ. ಬಂದು ಹೋಗೋ ಕಡಲು ಬೇರೆ, ಬಂದು ಕೂರೋ ಕಡಲು ಬೇರೆ.

ಬಂದು ಹೋಗೋ ಕಡಲು ಅಂದ್ರೆ ಚಂಡಮಾರುತ. 1999ರ ಅಕ್ಟೋಬರ್ 29ಕ್ಕೆ ಒಡಿಶಾಕ್ಕೆ ಸೂಪರ್ ಸೈಕ್ಲೋನ್ ಬಂತು. ಸತ್ತವರು ಸುಮಾರು 10 ಸಾವಿರ ಜನ. ಆಗ ಯಾರಾದರೂ ಒಡಿಶಾದ ಕರಾವಳಿಯನ್ನೇ ಖಾಲಿ ಮಾಡಿ ಅಂದಿದ್ರೆ ಸರಿ ಅನ್ನಿಸ್ತಿತ್ತು. ಅವರು ಹಾಗೆ ಮಾಡಲಿಲ್ಲ. ಊರು ಊರಲ್ಲಿ ಸೈಕ್ಲೋನ್ ಶೆಲ್ಟರ್ ಕಟ್ಟಿದ್ರು, ಮುನ್ಸೂಚನೆ ಕೊನೆಯ ಮನೆ ತನಕ ಮುಟ್ಟೋ ಹಾಗೆ ಮಾಡಿದ್ರು, ಸ್ವಯಂಸೇವಕರನ್ನ ತಯಾರು ಮಾಡಿದ್ರು. 2013ರಲ್ಲಿ ಫೈಲಿನ್ ಬಂತು. ಸುಮಾರು 10 ಲಕ್ಷ ಜನರನ್ನ ಮುಂಚೆಯೇ ಎಬ್ಬಿಸಿ ಕರ್ಕೊಂಡು ಹೋದ್ರು. ಸಾವಿನ ಲೆಕ್ಕ ಎರಡಂಕಿ ದಾಟಲಿಲ್ಲ. 2019ರಲ್ಲಿ ಫನಿ ಬಂದಾಗ 12 ಲಕ್ಷ ಜನ, ಮತ್ತೆ ಅದೇ ಕಥೆ. ಮನೆ ಹೋಯ್ತು, ತೆಂಗು ಹೋಯ್ತು, ಕರೆಂಟ್ ವಾರಗಟ್ಟಲೆ ಹೋಯ್ತು. ಜೀವ ಉಳೀತು. ಗಾಳಿ ನಿಂತ ಮೇಲೆ ಜನ ವಾಪಸ್ ಬಂದು ಅಲ್ಲೇ ಮನೆ ಕಟ್ಟಿಕೊಂಡ್ರು. ಅದರಲ್ಲಿ ದಡ್ಡತನ ಏನೂ ಇಲ್ಲ. ನೆಲ ಅಲ್ಲೇ ಇತ್ತು, ಕಟ್ಟಿಕೊಂಡ್ರು.

ಬಂದು ಕೂರೋ ಕಡಲು ಅಂದ್ರೆ ಕೊರೆತ. ಅದೇ ಒಡಿಶಾದ ಕೇಂದ್ರಪಾಡಾ ಜಿಲ್ಲೆಯಲ್ಲಿ ಸಾತಭಾಯಾ ಅಂತ ಇತ್ತು. ಒಂದು ಕಾಲಕ್ಕೆ ಏಳು ಹಳ್ಳಿಗಳ ಗುಂಪು. ಒಂದೊಂದೇ ಹಳ್ಳಿ ಕಡಲೊಳಗೆ ಹೋಯ್ತು. ಗದ್ದೆ, ಶಾಲೆ, ಬಾವಿ, ಎಲ್ಲಾ. ಇಲ್ಲಿ ಶೆಲ್ಟರ್ ಕಟ್ಟಿ ಏನು ಪ್ರಯೋಜನ? ರಾತ್ರಿ ಶೆಲ್ಟರ್‌ನಲ್ಲಿ ಮಲಗಿ ಬೆಳಿಗ್ಗೆ ವಾಪಸ್ ಬಂದ್ರೆ ನೆಲವೇ ಇರಲ್ಲ. ಇಂಥ ಕಡೆ ಮತ್ತೆ ಕಟ್ಟೋದು ಅಂದ್ರೆ ದುಡ್ಡನ್ನ ನೀರಿಗೆ ಹಾಕೋದೇ. ಗಾದೆ ಮಾತಲ್ಲ, ನಿಜವಾಗಿಯೂ ನೀರಿಗೆ.

ನಮ್ಮ ಕಾಮೆಂಟ್ ಹಾಕೋರು ಈ ಎರಡನ್ನೂ ಒಂದೇ ಮಾಡ್ತಾರೆ. ಸರ್ಕಾರವೂ ಎಷ್ಟೋ ಸಲ ಒಂದೇ ಮಾಡುತ್ತೆ, ಅದು ಬೇರೆ ಮಾತು.

ಈಗ ಆ ಮೊದಲ ಪ್ರಶ್ನೆ: ಗೊತ್ತಿದ್ದೂ ಯಾಕೆ ಕಟ್ಟಿದ್ರು? ಉಳ್ಳಾಲವನ್ನೇ ತಗೊಳ್ಳಿ. ಅಲ್ಲಿ ಹಳಬರನ್ನ ಕೇಳಿದ್ರೆ ಎಲ್ಲರೂ ಒಂದೇ ದಿಕ್ಕಿಗೆ ಕೈ ತೋರಿಸ್ತಾರೆ, ಕಡಲಿನ ಕಡೆಗೆ. ಅಗೋ ಅಲ್ಲಿ ನಮ್ಮ ತೆಂಗಿನ ತೋಟ ಇತ್ತು, ಅದರಾಚೆ ರಸ್ತೆ ಇತ್ತು, ಅದರಾಚೆ ದೋಣಿ ಎಳೆದಿಡೋ ಮರಳು ಇತ್ತು ಅಂತ. ನೀವು ನೋಡಿದರೆ ಬರೀ ನೀರು. ಅವರು ಕಡಲ ಬಾಯಿಗೆ ಹೋಗಿ ಮನೆ ಕಟ್ಟಿದ್ದಲ್ಲ. ಕಡಲೇ ಮನೆ ಹುಡುಕಿಕೊಂಡು ಬಂತು.

ಯಾಕೆ ಬಂತು? ಹವಾಮಾನ ಬದಲಾವಣೆ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಬಹುದು. ಸುಲಭ ಕೂಡ, ಯಾಕಂದ್ರೆ ಆಗ ಇಲ್ಲಿ ಯಾರ ಮೇಲೂ ಹೊಣೆ ಬರಲ್ಲ. ಸಮುದ್ರ ಮಟ್ಟ ಏರ್ತಾ ಇರೋದು ನಿಜ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಜಾಸ್ತಿ ಆಗ್ತಿರೋದೂ ನಿಜ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯನ್ನ ಸವರಿಕೊಂಡು ಹೋದಾಗ ಏನಾಯ್ತು ಅಂತ ನೆನಪಿರಬಹುದು. ಆದರೆ ಉಳ್ಳಾಲದ ಕಥೆಯಲ್ಲಿ ಇನ್ನೊಂದು ಪಾತ್ರ ಇದೆ, ಅದು ಕಲ್ಲು.

ಕಡಲ ದಡದ ಮರಳು ನಿಂತಲ್ಲೇ ನಿಂತಿರಲ್ಲ. ಅದು ನಡೀತಾ ಇರುತ್ತೆ. ಮಳೆಗಾಲದ ದೊಡ್ಡ ಅಲೆ ದಡದ ಮರಳನ್ನ ಎಳ್ಕೊಂಡು ಹೋಗುತ್ತೆ. ಮಳೆ ಮುಗಿದ ಮೇಲೆ ಸಣ್ಣ ಅಲೆ ಅದನ್ನ ನಿಧಾನಕ್ಕೆ ವಾಪಸ್ ತಂದು ಹಾಕುತ್ತೆ. ಜೊತೆಗೆ ದಡದ ಉದ್ದಕ್ಕೂ ಮರಳು ಉತ್ತರಕ್ಕೋ ದಕ್ಷಿಣಕ್ಕೋ ಸರೀತಾ ಇರುತ್ತೆ. ನದಿಗಳು ಹೊಸ ಮರಳು ತಂದು ಸೇರಿಸ್ತವೆ. ಇದೊಂದು ಬ್ಯಾಂಕ್ ಖಾತೆ ಇದ್ದ ಹಾಗೆ. ಜೂನ್‌ನಲ್ಲಿ ಡ್ರಾ ಮಾಡ್ತೀರಿ, ಅಕ್ಟೋಬರ್ ನಂತರ ಡೆಪಾಸಿಟ್ ಆಗುತ್ತೆ. ಮಧ್ಯದಲ್ಲಿ ಯಾರಾದರೂ ಕಡಲಿಗೆ ಅಡ್ಡ ಒಂದು ಕಲ್ಲಿನ ಗೋಡೆ ಕಟ್ಟಿದ್ರೆ ಏನಾಗುತ್ತೆ? ಒಂದು ಕಡೆಯ ಖಾತೆಯಲ್ಲಿ ದುಡ್ಡು ತುಂಬುತ್ತೆ, ಇನ್ನೊಂದು ಕಡೆಯದು ಖಾಲಿ ಆಗುತ್ತೆ.

ನೇತ್ರಾವತಿ ಮತ್ತು ಗುರುಪುರ ನದಿ ಸೇರಿ ಕಡಲಿಗೆ ಬೀಳೋ ಅಳಿವೆ ಬಾಗಿಲಲ್ಲಿ ಹಾಗೇ ಆಯ್ತು. ಹಳೆ ಬಂದರಿಗೆ ಹೋಗಿ ಬರೋ ದೋಣಿಗಳಿಗೆ ದಾರಿ ಸುಗಮ ಆಗಲಿ ಅಂತ ಎರಡೂ ಬದಿಗೆ ಬ್ರೇಕ್‌ವಾಟರ್ ಹಾಕಿದ್ರು. ಉತ್ತರದ ಬೆಂಗ್ರೆ ಕಡೆ ಮರಳು ಕೂಡಿಕೊಳ್ತು. ದಕ್ಷಿಣದ ಉಳ್ಳಾಲದ ಕಡೆ ಸವೆಯೋಕೆ ಶುರುವಾಯ್ತು. ಸವೆದಿದ್ದಕ್ಕೆ ತಡೆಗೋಡೆ ಅಂತ ಲಾರಿಗಟ್ಟಲೆ ಕಲ್ಲು ತಂದು ಸುರಿದ್ರು. ಕಲ್ಲು ಮರಳಲ್ಲಿ ಇಳಿದು ಹೋಯ್ತು, ಮುಂದಿನ ವರ್ಷ ಮತ್ತೆ ಸುರಿದ್ರು. ಆಮೇಲೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ದೊಡ್ಡ ಯೋಜನೆ ಬಂತು. ಕಡಲೊಳಗೆ ರೀಫ್, ದಡದಲ್ಲಿ ಬರ್ಮ್ ಎಲ್ಲಾ ಕಟ್ಟಿದ್ರು. ಉಳ್ಳಾಲದ ಕೆಲವು ಕಡೆ ಕೊರೆತ ತಗ್ಗಿತು. ಈಗ ಪ್ರತಿ ಮಳೆಗಾಲದಲ್ಲಿ ಸುದ್ದಿ ಆಗೋದು ಇನ್ನೂ ದಕ್ಷಿಣದ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿ. 2022ರ ಜುಲೈನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅಲ್ಲಿಗೆ ಬಂದು, ಸೀ ವೇವ್ ಬ್ರೇಕರ್ ಅನ್ನೋ ಹೊಸ ತಂತ್ರಜ್ಞಾನ ಪ್ರಯೋಗ ಮಾಡ್ತೀವಿ ಅಂದಿದ್ರು. ಹೆಸರು ಹೊಸದು, ಯೋಚನೆ ಹಳೆಯದೇ. ಅಲೆಯನ್ನ ಇಲ್ಲಿ ತಡೆದ್ರೆ ಅದು ಪಕ್ಕದ ಊರಿಗೆ ಏನು ಮಾಡುತ್ತೆ ಅಂತ ಪಕ್ಕದ ಊರಿನವರು ಕೇಳ್ತಾನೇ ಇದ್ದಾರೆ.

ಚೆನ್ನೈನಲ್ಲಿರೋ ಕೇಂದ್ರ ಸರ್ಕಾರದ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರ ತನಕದ ಉಪಗ್ರಹ ಚಿತ್ರಗಳನ್ನ ಇಟ್ಟುಕೊಂಡು ಲೆಕ್ಕ ಹಾಕಿದೆ. ದೇಶದ ಕರಾವಳಿಯಲ್ಲಿ ಹೆಚ್ಚು ಕಡಿಮೆ ಮೂರನೇ ಒಂದು ಭಾಗ ಕೊರೀತಾ ಇದೆ. ಅದರ ಜೊತೆಗೇ ಇನ್ನೊಂದು ಸಂಖ್ಯೆ ಇದೆ, ಅದನ್ನ ಯಾರೂ ಹೇಳಲ್ಲ. ಕಾಲು ಭಾಗಕ್ಕಿಂತ ಜಾಸ್ತಿ ಕರಾವಳಿ ಬೆಳೀತಾ ಇದೆ. ಅಂದ್ರೆ ಮರಳು ಎಲ್ಲವೂ ಮಾಯ ಆಗಿಲ್ಲ. ಜಾಗ ಬದಲಾಯಿಸಿದೆ.

ಸರಿ, ಕಾರಣ ಏನೇ ಇರಲಿ, ಈಗ ಕಡಲು ಅಂಗಳಕ್ಕೆ ಬಂದಿದೆ. ಏನು ಮಾಡೋಣ? ಜನರನ್ನ ಒಳಗೆ ಸ್ಥಳಾಂತರ ಮಾಡಿ, ಮುಗೀತಲ್ವಾ?

ಇಲ್ಲಿ ನಮ್ಮ ಮಾವನ ಕೈರಂಪಣಿ ಬಗ್ಗೆ ಹೇಳಬೇಕು. ಗೊತ್ತಿಲ್ಲದವರಿಗೆ: ಕೈರಂಪಣಿ ಅಂದ್ರೆ ದಡದಿಂದಲೇ ಎಳೆಯೋ ಉದ್ದನೆಯ ಬಲೆ. ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬರ್ತಾರೆ. ಆಮೇಲೆ ಎರಡು ತುದಿಯ ಹಗ್ಗ ಹಿಡಿದು ಹತ್ತಾರು ಜನ ಮರಳಲ್ಲಿ ನಿಂತು ಎಳೀತಾರೆ. ಯಾವಾಗ ಬಲೆ ಬಿಡಬೇಕು? ಅದಕ್ಕೆ ಟೈಮ್‌ಟೇಬಲ್ ಇಲ್ಲ. ನೀರಿನ ಬಣ್ಣ ಬದಲಾದಾಗ, ಹಕ್ಕಿಗಳು ಒಂದು ಕಡೆ ಮುಗಿಬಿದ್ದಾಗ ಬಿಡಬೇಕು. ಮಾವ ಊಟ ಮಾಡ್ತಾ ಜಗಲಿಯಿಂದ ಕಡಲು ನೋಡ್ತಿದ್ರು. ಕೈ ತೊಳೆಯದೆ ಎದ್ದು ಓಡಿದ್ದೂ ಇದೆ. ಅಮ್ಮಮ್ಮ ಬೈತಿದ್ರು. ಆ ಜಗಲಿ ಅವರ ಆಫೀಸು. ಮನೆಯನ್ನ ಐದು ಕಿಲೋಮೀಟರ್ ಒಳಗೆ ತಗೊಂಡು ಹೋದ್ರೆ ಅವರಿಗೆ ಸಿಗೋದು ಭದ್ರವಾದ ಒಂದು ಕಟ್ಟಡ, ಹೋಗೋದು ಕೆಲಸ.

ಸಣ್ಣ ದೋಣಿಯವರ ಕಥೆಯೂ ಹೀಗೇ. ಅವರಿಗೆ ಬಂದರು ಬೇಕಿಲ್ಲ, ಮರಳೇ ಬಂದರು. ಆದರೆ ದೋಣಿಯ ಇಂಜಿನ್ ಇದೆಯಲ್ಲ, ಅದು ಮೂವತ್ತು-ನಲವತ್ತು ಕೆ.ಜಿ. ತೂಗುತ್ತೆ. ರಾತ್ರಿ ದಡದಲ್ಲಿ ಬಿಟ್ಟು ಹೋದ್ರೆ ಬೆಳಿಗ್ಗೆ ಇರುತ್ತೆ ಅನ್ನೋ ನಂಬಿಕೆ ಇಲ್ಲ. ಬಲೆಯ ಬೆಲೆ ಲಕ್ಷಕ್ಕೆ ಹೋಗುತ್ತೆ. ಬೆಳಗಿನ ಜಾವ ನಾಲ್ಕಕ್ಕೆ ಇದೆಲ್ಲ ಹೊತ್ಕೊಂಡು ಯಾವ ಬಸ್ಸಲ್ಲಿ ಬರೋದು? ಹೆಂಗಸರ ಕೆಲಸ ಇನ್ನೂ ಕಷ್ಟ. ಮೀನು ಒಣಗಿಸೋಕೆ ಜಾಗ ಬೇಕು, ಬಿಸಿಲು ಬೇಕು, ಮಳೆ ಹನಿ ಬಿದ್ದ ಕೂಡ್ಲೇ ಓಡಿ ಬಂದು ಎತ್ತೋಕೆ ಮನೆ ಹತ್ತಿರ ಇರಬೇಕು. ಪುನರ್ವಸತಿ ಕಾಲೊನಿಯ ಎರಡು ಸೆಂಟ್ಸ್ ಅಂಗಳದಲ್ಲಿ ಬಂಗುಡೆ ಒಣಗಿಸಿದ್ರೆ ಪಕ್ಕದ ಮನೆಯವರು ವಾಸನೆ ಅಂತ ದೂರು ಕೊಡ್ತಾರೆ.

ಸಾತಭಾಯಾದವರಿಗೆ ಇದೇ ಆಯ್ತು. 571 ಕುಟುಂಬಗಳನ್ನ ಒಳಗಿನ ಬಾಗಪಾಟಿಯಾ ಅನ್ನೋ ಜಾಗಕ್ಕೆ ಸ್ಥಳಾಂತರ ಮಾಡಿದ್ರು. ಪ್ರತಿ ಮನೆಗೆ 10 ಡೆಸಿಮಲ್ ನೆಲ, ಅಂದ್ರೆ ನಮ್ಮ ಲೆಕ್ಕದಲ್ಲಿ ನಾಲ್ಕು ಗುಂಟೆ. ಮನೆ ಕಟ್ಟೋಕೆ ದುಡ್ಡು, ರಸ್ತೆ, ಕರೆಂಟ್. ಅವರ ದೇವರನ್ನೂ ಕರ್ಕೊಂಡು ಬಂದ್ರು. ಪಂಚುಬಾರಾಹಿ ಅಂತ ಐದು ದೇವಿಯರು. ಅಲ್ಲಿ ಪೂಜೆ ಮಾಡೋದು ಹೆಂಗಸರು ಮಾತ್ರ, ಮೂರ್ತಿಗಳನ್ನ ಗಂಡಸರು ಮುಟ್ಟುವಂತಿರಲಿಲ್ಲ. 2018ರಲ್ಲಿ ಆ ಭಾರದ ಕಲ್ಲಿನ ಮೂರ್ತಿಗಳನ್ನ ಸಾಗಿಸೋಕೆ ಶತಮಾನಗಳ ಆ ಕಟ್ಟಳೆಯನ್ನ ಸಡಿಲ ಮಾಡಿ ಗಂಡಸರನ್ನ ಒಳಗೆ ಬಿಟ್ರು. ದೇವರೇ ಒಪ್ಪಿ ಎದ್ದು ಬಂದ ಮೇಲೆ ಇನ್ನೇನು ಉಳೀತು ಅನ್ನಿಸುತ್ತೆ ಅಲ್ವಾ? ಉಳಿದದ್ದು ಕೂಲಿ. ಹೊಸ ಊರಲ್ಲಿ ಉಳೋಕೆ ಗದ್ದೆ ಇಲ್ಲ, ಮೀನಿಗೆ ಕಡಲು ದೂರ. ಗಂಡುಮಕ್ಕಳು ಕೇರಳದ ಕಡೆ ದುಡಿಯೋಕೆ ಹೊರಟ್ರು. ಮನೆ ಭದ್ರ, ಮನೆಯವರು ಸಾವಿರಾರು ಕಿಲೋಮೀಟರ್ ಆಚೆ.

ಹಾಗಂತ ಸಾತಭಾಯಾದಲ್ಲೇ ಇರಬೇಕಿತ್ತು ಅಂತ ನಾನು ಹೇಳಲ್ಲ. ಎದ್ದು ಬಂದದ್ದು ಸರಿ. ಮನೆಗಳನ್ನ ಎಣಿಸಿದವರು ಕೆಲಸವನ್ನ ಎಣಿಸಲಿಲ್ಲ, ತಪ್ಪಿದ್ದು ಅಲ್ಲಿ.

ಇನ್ನೊಂದು ಸಂಗತಿ, ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರಿಸೋದು ಇದು. ಜನ ಎದ್ದು ಹೋದ ಮೇಲೆ ಆ ಜಾಗ ಯಾರದ್ದು?

2004ರ ಸುನಾಮಿ ನೆನಪು ಮಾಡ್ಕೊಳ್ಳಿ. ನಿಮ್ಮಲ್ಲಿ ಕೆಲವರು ಆಗ ಹುಟ್ಟಿರಲಿಕ್ಕಿಲ್ಲ. ತಮಿಳುನಾಡಲ್ಲೇ ಸುಮಾರು 8 ಸಾವಿರ ಸಾವು, ಅದರಲ್ಲಿ ಬಹುಪಾಲು ನಾಗಪಟ್ಟಣಂ ಜಿಲ್ಲೆಯಲ್ಲಿ. ಮೂರು ತಿಂಗಳ ಮೇಲೆ, 2005ರ ಮಾರ್ಚ್ 30ಕ್ಕೆ, ತಮಿಳುನಾಡು ಸರ್ಕಾರ ಒಂದು ಆದೇಶ ಹೊರಡಿಸ್ತು. ಭರತದ ಗೆರೆಯಿಂದ 200 ಮೀಟರ್ ಒಳಗೆ ಮನೆ ಕಳ್ಕೊಂಡವರಿಗೆ ಆಯ್ಕೆ ಕೊಟ್ರು. 200 ಮೀಟರ್ ಆಚೆ ಹೋಗೋಕೆ ಒಪ್ಪಿದ್ರೆ ಒಂದೂವರೆ ಲಕ್ಷದ ಹೊಸ ಮನೆ ಪುಕ್ಕಟೆ, ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ. ಇಬ್ಬರ ಹೆಸರು ಅನ್ನೋದು ಒಳ್ಳೆ ನಿಯಮ, ಅದಕ್ಕೆ ಮೆಚ್ಚಬೇಕು. ಆದರೆ ಹಳೇ ಜಾಗವನ್ನ ಸರ್ಕಾರಕ್ಕೆ ಬರೆದು ಕೊಡಬೇಕು. ಹೋಗಲ್ಲ ಅಂದ್ರೆ ಯಾರೂ ಎಬ್ಬಿಸಲ್ಲ, ನಿಮ್ಮ ದುಡ್ಡಲ್ಲೇ ರಿಪೇರಿ ಮಾಡ್ಕೊಳ್ಳಿ, ನಯಾಪೈಸೆ ಸಹಾಯ ಇಲ್ಲ. ದೋಣಿ ಒಡೆದಿದೆ, ಬಲೆ ಹೋಗಿದೆ, ಮನೆಯಲ್ಲಿ ಸಾವಾಗಿದೆ. ಆ ಹೊತ್ತಲ್ಲಿ ಇದನ್ನ ಆಯ್ಕೆ ಅಂತ ಕರೆದ್ರೆ ಮಾತಿಗೆ ಅರ್ಥ ಉಳಿಯಲ್ಲ.

ಶ್ರೀಲಂಕಾದಲ್ಲೂ ಅದೇ ಸುನಾಮಿ ಆದ ಮೇಲೆ ಕೆಲವು ಕಡೆ 100 ಮೀಟರ್, ಕೆಲವು ಕಡೆ 200 ಮೀಟರ್ ಕಟ್ಟುವಂತಿಲ್ಲ ಅಂದ್ರು. ಮೀನುಗಾರರ ಗುಡಿಸಲಿಗೆ ಆ ಗೆರೆ ಗಟ್ಟಿಯಾಗಿತ್ತು, ಹೋಟೆಲುಗಳಿಗೆ ವಿನಾಯಿತಿ ಇತ್ತು. ಗಲಾಟೆ ಜೋರಾದ ಮೇಲೆ ಗೆರೆಯನ್ನೇ ಸಡಿಲ ಮಾಡಿದ್ರು.

ನಮ್ಮಲ್ಲೂ ಗೆರೆ ಜರುಗಿದೆ. ಕರಾವಳಿ ನಿಯಂತ್ರಣ ವಲಯ, ಸಿಆರ್‌ಜೆಡ್ ಅಂತ ಪೇಪರಲ್ಲಿ ಓದಿರ್ತೀರಿ. 1991ರ ನಿಯಮದಲ್ಲಿ ಹಳ್ಳಿ ಕಡೆಯ ಕರಾವಳಿಯಲ್ಲಿ 200 ಮೀಟರ್ ತನಕ ಹೊಸದಾಗಿ ಕಟ್ಟೋ ಹಾಗಿರಲಿಲ್ಲ. 2019ರ ಹೊಸ ಅಧಿಸೂಚನೆಯಲ್ಲಿ, ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನ ಇರೋ ಹಳ್ಳಿ ಪ್ರದೇಶಕ್ಕೆ ಅದು 50 ಮೀಟರ್‌ಗೆ ಇಳೀತು. ಬೀಚಿನ ಮೇಲೆ ಪ್ರವಾಸಿಗರಿಗೆ ತಾತ್ಕಾಲಿಕ ಶ್ಯಾಕ್ ಹಾಕೋಕೂ ಅವಕಾಶ ಆಯ್ತು. ಮೀನುಗಾರರಿಗೆ ಕಡಲು ಹತ್ತಿರ ಬಂತು, ಅಪಾಯ, ಏಳಿ ಅನ್ನೋ ಹೊತ್ತಲ್ಲೇ ಉಳಿದವರಿಗೆ ಕಡಲ ಹತ್ತಿರ ಬನ್ನಿ ಅಂತ ಬಾಗಿಲು ತೆಗೆದ್ರೆ, ಆ ಊರಿನವರು ಭದ್ರತೆಯ ಮಾತನ್ನ ಹೇಗೆ ನಂಬ್ತಾರೆ ಹೇಳಿ? ಕಾರವಾರದ ಸೀಬರ್ಡ್ ನೌಕಾನೆಲೆಗೆ ಎದ್ದು ಹೋದವರು ಪರಿಹಾರಕ್ಕೆ ದಶಕಗಳ ಕಾಲ ಕೋರ್ಟಿಗೆ ಅಲೆದದ್ದನ್ನ ಉತ್ತರ ಕನ್ನಡದ ಮೀನುಗಾರರು ಕಣ್ಣಾರೆ ಕಂಡಿದ್ದಾರೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಹೋರಾಟ ನಡೀತಾ ಬಂದಿದೆ. ಒಮ್ಮೆ ದಡ ಬಿಟ್ಟರೆ ವಾಪಸ್ ಬರೋಕೆ ಆಗಲ್ಲ ಅನ್ನೋ ಅವರ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ.

ಬರೀ ನಿಷೇಧ ಹೇರಿದ್ರೆ ಏನಾಗುತ್ತೆ ಅಂತ ನೋಡಬೇಕಾ? ಧನುಷ್ಕೋಟಿಗೆ ಹೋಗಿ. 1964ರ ಡಿಸೆಂಬರ್ 22ರ ರಾತ್ರಿಯ ಚಂಡಮಾರುತ ರೈಲನ್ನೂ ಸೇರಿಸಿ ಊರನ್ನೇ ನುಂಗಿತು. ಇಲ್ಲಿ ಮನುಷ್ಯರು ವಾಸ ಮಾಡೋದು ಯೋಗ್ಯ ಅಲ್ಲ ಅಂತ ಸರ್ಕಾರ ಘೋಷಣೆ ಮಾಡ್ತು. ಮೀನುಗಾರರು ಅಲ್ಲೇ ಗುಡಿಸಲು ಹಾಕಿಕೊಂಡು ಉಳಿದ್ರು. ಊರು ಅಂತ ಲೆಕ್ಕಕ್ಕೇ ಇಲ್ಲ ಅಂದ್ಮೇಲೆ ಊರಿಗೆ ಸಿಗಬೇಕಾದ ಸೌಕರ್ಯವೂ ಇಲ್ಲ. ಪ್ರವಾಸಿಗರಿಗೆ ಮಾತ್ರ 2017ರಿಂದ ತುದಿಯ ತನಕ ಚೆಂದದ ರಸ್ತೆ ಇದೆ. ನೀವೂ ಅಲ್ಲಿ ಡ್ರೋನ್ ಶಾಟ್ ನೋಡಿರ್ತೀರಿ.

ಈಗ ದುಡ್ಡಿನ ಮಾತಿಗೆ ಬರೋಣ, ಯಾಕಂದ್ರೆ ತೆರಿಗೆ ದುಡ್ಡು ಅಂತ ಶುರು ಮಾಡಿದ್ವಿ. ಪಕ್ಕದ ಕೇರಳದಲ್ಲಿ ಎರಡೂ ದಾರಿ ಹಿಡಿದಿದ್ದಾರೆ, ಹಾಗಾಗಿ ಹೋಲಿಸೋದು ಸುಲಭ. ಒಂದು, ಕೊಚ್ಚಿ ಹತ್ತಿರದ ಚೆಲ್ಲಾನಂ. ಅಲ್ಲಿ 344 ಕೋಟಿ ಖರ್ಚಲ್ಲಿ 7.3 ಕಿಲೋಮೀಟರ್ ಟೆಟ್ರಾಪಾಡ್ ಗೋಡೆ ಕಟ್ಟಿದ್ರು. ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿಗಳು ಅವು. ಎರಡು, ಪುನರ್ಗೇಹಂ ಯೋಜನೆ. ದಡದಿಂದ 50 ಮೀಟರ್ ಒಳಗಿರೋ ಕುಟುಂಬ ಎದ್ದು ಹೋಗೋಕೆ ಒಪ್ಪಿದ್ರೆ 10 ಲಕ್ಷ. ಅದರಲ್ಲಿ ಜಾಗಕ್ಕೆ ಹೆಚ್ಚೆಂದರೆ 6 ಲಕ್ಷ, ಉಳಿದದ್ದು ಮನೆಗೆ. ಯೋಜನೆ ಶುರುವಾದಾಗ ಗುರುತಿಸಿದ್ದು 18,685 ಕುಟುಂಬ, ಒಟ್ಟು ಅಂದಾಜು 2,450 ಕೋಟಿ.

ಕ್ಯಾಲ್ಕುಲೇಟರ್ ತೆಗೀರಿ. ಗೋಡೆಗೆ ಕಿಲೋಮೀಟರಿಗೆ ಸುಮಾರು 47 ಕೋಟಿ. ಅದೇ 47 ಕೋಟಿಯಲ್ಲಿ ತಲಾ 10 ಲಕ್ಷದ ಹಾಗೆ 470 ಕುಟುಂಬಗಳು. ಚೆಲ್ಲಾನಂನಂಥ ಒತ್ತೊತ್ತಾಗಿ ಜನ ಇರೋ ಕಡೆ ಗೋಡೆಯ ಲೆಕ್ಕ ಸರಿಹೋಗಬಹುದು. ಗೋಡೆ ಬಂದ ಮೇಲೆ ಅದರ ಹಿಂದಿನ ಮನೆಗಳಿಗೆ ನೀರು ನುಗ್ಗೋದು ನಿಂತಿದ್ದು ದೊಡ್ಡ ನೆಮ್ಮದಿ. ಆದರೆ ಗೋಡೆ ಎಲ್ಲಿ ಮುಗೀತೋ ಅದರ ಉತ್ತರಕ್ಕೆ ಕಣ್ಣಮಾಲಿ, ಚೆರಿಯಕಡವು ಕಡೆಯವರು ಈಗ ನಮಗೂ ಗೋಡೆ ಬೇಕು ಅಂತ ಬೀದಿಗೆ ಇಳಿದಿದ್ದಾರೆ. ಉಳ್ಳಾಲ-ಸೋಮೇಶ್ವರದ ಕಥೆಯೇ, ಭಾಷೆ ಮಲಯಾಳಂ. ಪುನರ್ಗೇಹಂ ಕಡೆಗೆ ಬಂದ್ರೆ, 6 ಲಕ್ಷಕ್ಕೆ ಕಡಲಿಗೆ ನಡೆದು ಹೋಗುವಷ್ಟು ದೂರದಲ್ಲಿ ಜಾಗ ಎಲ್ಲಿ ಸಿಗುತ್ತೆ? ಎಷ್ಟೋ ಮನೆಯವರು ಒಪ್ಪಲೇ ಇಲ್ಲ. ಒಂದು ಮಾತ್ರ ಒಳ್ಳೆಯದಿದೆ. ಬಿಟ್ಟು ಹೋದ ಜಾಗದಲ್ಲಿ ಗಿಡ ನೆಟ್ಟು ಹಸಿರು ಪಟ್ಟಿ ಮಾಡ್ತೀವಿ ಅಂತ ಯೋಜನೆಯಲ್ಲೇ ಬರೆದಿದ್ದಾರೆ.

ಹಾಗಾದ್ರೆ ಸರಿಯಾಗಿ ಮಾಡಿದವರು ಯಾರೂ ಇಲ್ವಾ? ಇದ್ದಾರೆ, ಒಂದು ಸಣ್ಣ ಊರು. ಇದಕ್ಕೆ ಜಪಾನಿಗೆ ಹೋಗಬೇಕು.

ಜಪಾನಿನ ಈಶಾನ್ಯ ಕರಾವಳಿಯಲ್ಲಿ ಮಿಯಾಕೊ ಅಂತ ನಗರಸಭೆ. ಅದರ ವ್ಯಾಪ್ತಿಯಲ್ಲಿ ತಾರೊ ಮತ್ತು ಅನೆಯೋಶಿ ಅನ್ನೋ ಎರಡು ಊರುಗಳಿವೆ. ಎರಡೂ ಮೀನುಗಾರರ ಊರು. ಎರಡನ್ನೂ 1896ರ ಸುನಾಮಿ ಒರೆಸಿ ಹಾಕಿತ್ತು, 1933ರಲ್ಲಿ ಮತ್ತೆ ಬಂದು ಒರೆಸಿತು. ಅನೆಯೋಶಿಯಲ್ಲಿ ಮೊದಲ ಸಲ ಬದುಕಿದವರು ಇಬ್ಬರು, ಎರಡನೇ ಸಲ ನಾಲ್ವರು. ತಾರೊದವರು ಗೋಡೆ ಕಟ್ಟಿದ್ರು. 10 ಮೀಟರ್ ಎತ್ತರ, ದಶಕಗಳ ಕಾಲ ಬೆಳೆಸಿಕೊಂಡು ಹೋದ ಗೋಡೆ. ಜನ ಅದನ್ನ ಚೀನಾದ ಮಹಾಗೋಡೆಗೆ ಹೋಲಿಸ್ತಿದ್ರು. ಅನೆಯೋಶಿಯವರು ಅಂಥದ್ದೇನೂ ಮಾಡಲಿಲ್ಲ. ಗುಡ್ಡದ ಮೇಲೆ ಒಂದು ಕಲ್ಲು ನಿಲ್ಲಿಸಿದ್ರು. ಈ ಕಲ್ಲಿನಿಂದ ಕೆಳಗೆ ಯಾರೂ ಮನೆ ಕಟ್ಟಬಾರದು ಅನ್ನೋ ಅರ್ಥದ ಮಾತು ಕೆತ್ತಿದ್ರು. ಮನೆಗಳೆಲ್ಲ ಮೇಲೆ. ದೋಣಿ, ಬಲೆ, ಬಂದರು ಎಲ್ಲಾ ಕೆಳಗೆ. ಬೆಳಿಗ್ಗೆ ಇಳಿಯೋದು, ಸಂಜೆ ಹತ್ತೋದು.

2011ರ ಮಾರ್ಚ್ 11ಕ್ಕೆ ಕಡಲು ಮತ್ತೆ ಬಂತು. ತಾರೊದ ಗೋಡೆಯನ್ನ ದಾಟಿ ಊರೊಳಗೆ ನುಗ್ಗಿತು. ನಮ್ಮಲ್ಲಿ ಗೋಡೆ ಇದೆಯಲ್ಲ ಅಂತ ಧೈರ್ಯ ಮಾಡಿ ಓಡದೆ ಉಳಿದವರೂ ಸತ್ತವರಲ್ಲಿ ಇದ್ರು. ಅನೆಯೋಶಿಯ ಕಣಿವೆಯಲ್ಲಿ ನೀರು ಸುಮಾರು 40 ಮೀಟರ್ ಎತ್ತರಕ್ಕೆ ಏರಿತು. ಕಲ್ಲಿಗೆ ಇನ್ನೂ ಸುಮಾರು 100 ಮೀಟರ್ ದೂರ ಇರುವಾಗ ನಿಂತಿತು. ಮೇಲಿನ ಒಂದು ಮನೆಗೂ ನೀರು ತಾಗಲಿಲ್ಲ.

ನನಗೆ ಇದರಲ್ಲಿ ಇಷ್ಟ ಆದದ್ದು ಆ ಕಲ್ಲಲ್ಲ. ಫೇಸ್‌ಬುಕ್ಕಲ್ಲಿ ಆ ಕಲ್ಲಿನ ಫೋಟೊ ಸಾಕಷ್ಟು ಓಡಾಡಿದೆ. ಅವರು ಮನೆಯನ್ನ ಹಿಂದೆ ಸರಿಸಿದ್ರು, ದಡವನ್ನ ಬಿಟ್ಟುಕೊಡಲಿಲ್ಲ. ಮಲಗೋ ಜಾಗ ಮತ್ತು ದುಡಿಯೋ ಜಾಗ ಎರಡನ್ನ ಬೇರೆ ಮಾಡಿದ್ರು, ಆದರೆ ನಡೆದು ಹೋಗುವಷ್ಟೇ ದೂರ ಇಟ್ಟರು.

ನಮ್ಮಲ್ಲಿ ಮಾಡಬಹುದಾ? ಗುಡ್ಡ ಇರೋ ಕಡೆ, ಹಿಂದೆ ಜಾಗ ಇರೋ ಕಡೆ ಮಾಡಬಹುದು. ಆದರೆ ನಮ್ಮ ಕರಾವಳಿಯ ಒಂದು ತೊಡಕು ಏನಂದ್ರೆ ಎಷ್ಟೋ ಊರಿಗೆ ಹಿಂದೆ ಅನ್ನೋದೇ ಇಲ್ಲ. ಮಲ್ಪೆಯ ಪಡುಕೆರೆ, ಕೋಡಿ ಬೆಂಗ್ರೆ, ಇವೆಲ್ಲ ಒಂದು ಪಟ್ಟಿ ಇದ್ದ ಹಾಗೆ. ಮುಂದೆ ಕಡಲು, ಹಿಂದೆ ಹೊಳೆ. ಮರವಂತೆಯಲ್ಲಿ ಕಡಲಿಗೂ ಸೌಪರ್ಣಿಕಾ ಹೊಳೆಗೂ ನಡುವೆ ರಾಷ್ಟ್ರೀಯ ಹೆದ್ದಾರಿ ಓಡೋಕೆ ಎಷ್ಟು ಜಾಗ ಬೇಕೋ ಅಷ್ಟೇ. ಇಂಥ ಕಡೆ ನೂರು ಮೀಟರ್ ಹಿಂದೆ ಹೋಗಿ ಅಂದ್ರೆ ಹೊಳೆಗೆ ಬೀಳಬೇಕು. ಇಲ್ಲಿ ಹೊಳೆಯಾಚೆ ಜಾಗ ಹುಡುಕಬೇಕು, ಸೇತುವೆ ಬೇಕು, ದಡದಲ್ಲಿ ಬಲೆ-ಇಂಜಿನ್ ಇಡೋಕೆ ಬೀಗ ಹಾಕೋ ಶೆಡ್ ಬೇಕು, ಮೀನು ಒಣಗಿಸೋಕೆ ಕಣ ಬೇಕು. ಶೆಡ್ ಕೊಚ್ಚಿಕೊಂಡು ಹೋದ್ರೆ ಹೋಗಲಿ, ಮತ್ತೆ ಕಟ್ಟೋಣ. ಶೆಡ್‌ನಲ್ಲಿ ಯಾರೂ ಮಲಗಿರಲ್ಲ.

ಅದಕ್ಕೂ ಮುಂಚೆ ಕಾಗದ. ಕಡಲ ಪಕ್ಕದ ಎಷ್ಟೋ ಕುಟುಂಬಗಳಿಗೆ ತಲೆಮಾರಿನಿಂದ ಇದ್ರೂ ಹಕ್ಕುಪತ್ರ ಇಲ್ಲ. ಮನೆ ಬಿದ್ದಾಗ ಪರಿಹಾರ ಕೇಳಿದ್ರೆ ಮೊದಲ ಪ್ರಶ್ನೆ ಜಾಗ ನಿಮ್ಮದೇನಾ ಅಂತ. ಕಾಗದ ಇದ್ದವರಿಗೂ ಇನ್ನೊಂದು ವಿಚಿತ್ರ ಇದೆ. ಆರ್‌ಟಿಸಿಯಲ್ಲಿ ಇಪ್ಪತ್ತು ಸೆಂಟ್ಸ್ ಅಂತ ಇರುತ್ತೆ, ಅದರಲ್ಲಿ ಹದಿನೈದು ಸೆಂಟ್ಸ್ ನೀರೊಳಗೆ. ಆ ಹದಿನೈದಕ್ಕೆ ಬೆಲೆ ಕಟ್ಟೋದು ಹೇಗೆ? ಎದ್ದು ಹೋಗಿ ಅನ್ನೋ ಮುಂಚೆ ಇವರು ಇಲ್ಲಿಯವರು ಅಂತ ಬರೆದು ಕೊಡಬೇಕು. ಬಿಟ್ಟು ಹೋದ ದಡ ಆ ಊರಿನ ಮೀನುಗಾರರದ್ದೇ, ರೆಸಾರ್ಟಿಗೂ ಇಲ್ಲ, ಬಂದರಿಗೂ ಇಲ್ಲ ಅಂತಾನೂ ಅದೇ ಕಾಗದದಲ್ಲಿ ಇರಬೇಕು. ಇಷ್ಟು ಮಾಡಿದ್ರೆ ಅರ್ಧ ಜನ ತಾವಾಗಿಯೇ ಹಿಂದೆ ಸರೀತಾರೆ ಅಂತ ನನಗನ್ನಿಸುತ್ತೆ. ಮಳೆಗಾಲದ ರಾತ್ರಿ ಅಲೆಯ ಸದ್ದು ಕೇಳ್ತಾ ಮಕ್ಕಳನ್ನ ಪಕ್ಕದಲ್ಲಿ ಮಲಗಿಸ್ಕೊಂಡು ಎಚ್ಚರ ಇರೋದು ಯಾರಿಗೂ ಇಷ್ಟದ ಕೆಲಸ ಅಲ್ಲ.

ಇದನ್ನ ಒಪ್ಪದವರೂ ನಿಮ್ಮಲ್ಲಿ ಇರ್ತೀರಿ. ಗೋಡೆ ಸರಿಯಾಗಿ ಕಟ್ಟಿದ್ರೆ ಸಾಕು, ಎಬ್ಬಿಸೋ ಮಾತೇ ಬೇಡ ಅನ್ನೋ ಗೆಳೆಯರು ನನಗೂ ಇದ್ದಾರೆ, ಊರಿಗೆ ಹೋದಾಗಲೆಲ್ಲ ಜಗಳ ಆಗುತ್ತೆ. ಬರೀರಿ, ಮಾತಾಡೋಣ.

ಹೋಗೋ ಮುಂಚೆ ಒಂದು ಕೆಲಸ ಕೊಡ್ತೀನಿ. ನಿಮ್ಮ ಊರು ಕಡಲ ಪಕ್ಕ ಇದ್ರೆ ಇವತ್ತು ರಾತ್ರಿ ಮನೆಗೆ ಫೋನ್ ಮಾಡಿ. ಅಜ್ಜನೋ, ಅಮ್ಮಮ್ಮನೋ, ಯಾರು ಹಳಬರಿದ್ದಾರೋ ಅವರನ್ನ ಕೇಳಿ: ನೀವು ಚಿಕ್ಕವರಿದ್ದಾಗ ಮನೆ ಬಾಗಿಲಿಂದ ನೀರಿಗೆ ಎಷ್ಟು ದೂರ ಇತ್ತು? ಈಗ ಎಷ್ಟಿದೆ? ಅವರು ಹೇಳಿದ್ದನ್ನ ಅವರ ದನಿಯಲ್ಲೇ ರೆಕಾರ್ಡ್ ಮಾಡಿ, ಊರಿನ ಹೆಸರು ಹೇಳಿ ನಮಗೆ ವಾಯ್ಸ್ ಮೆಸೇಜ್ ಕಳಿಸಿ. ತುಳು, ಕುಂದಾಪುರ ಕನ್ನಡ, ಬ್ಯಾರಿ, ಕೊಂಕಣಿ, ಯಾವುದರಲ್ಲಿದ್ರೂ ಪರವಾಗಿಲ್ಲ. ಬಂದದ್ದನ್ನೆಲ್ಲ ಜೋಡಿಸಿ ಮುಂದಿನ ಕಂತಲ್ಲಿ ಕೇಳಿಸ್ತೀನಿ. ಮುಂದಿನ ವಾರ ಸಿಗೋಣ, ನಮಸ್ಕಾರ.